ಹೊಗೆಯ ವಿರುದ್ಧ ಗ್ರಾಮಸ್ಥರ ಚಳವಳಿಗಳು: ಚರಿತ್ರೆಯ ದೃಷ್ಟಿಯಿಂದ ಒಂದು ವಿಮರ್ಶೆ

1

ಕಾರ್ಖಾನೆಗಳ ಹೊಗೆ, ಬೂದಿ, ದುರ್ವಾಸನೆಗಳನ್ನು ಪ್ರತಿಭಟಿಸಿ ಕನ್ನಡ ನಾಡಿನ ಗ್ರಾಮಸ್ಥರು ನಡೆಸಿದ ಚಳವಳಿಗಳ ವಿಷಯವಾಗಿ ಕಳೆದ ನಾಲ್ಕು ದಶಕಗಳಲ್ಲಿ ಹೊರಬಂದಿರುವ ಬರೆವಣಿಗೆ ಕಡಮೆಯದಲ್ಲ. ಕರಪತ್ರಗಳು, ಸತ್ಯಶೋಧನ ಸಮಿತಿಗಳ ವರದಿಗಳು, ನ್ಯಾಯಾಲಯಗಳ ತೀರ್ಪುಗಳು, ಪತ್ರಿಕಾ ಲೇಖನಗಳು, ಸಮಾಜವಿಜ್ಞಾನಿಗಳ ಪ್ರಬಂಧಗಳು ಇವೆಲ್ಲವೂ ಸೇರಿ ಒಂದು ಸಣ್ಣ ಸಾಹಿತ್ಯವೇ ಆಗಿದೆಯೆನ್ನಬಹುದು. ಇವನ್ನು ಒಟ್ಟಿಗೆ ಇಟ್ಟುಕೊಂಡು ಓದಿದವರಿಗೆ ಒಂದು ಸಂಗತಿ ಹೊಳೆಯದಿರದು. ಇವುಗಳಲ್ಲಿ ಕಾರ್ಖಾನೆಯ ಚರಿತ್ರೆ ಇದೆ. ಭೂಸ್ವಾಧೀನದ ಚರಿತ್ರೆ ಇದೆ. ಮೊಕದ್ದಮೆಯ ಚರಿತ್ರೆ ಇದೆ. ಯಾವ ಗಾಳಿಗಾಗಿ ಚಳವಳಿ ನಡೆಯಿತೆಂದು ಹೇಳುತ್ತೇವೆಯೋ ಆ ಗಾಳಿಯ ಚರಿತ್ರೆ ಮಾತ್ರ ಬಹಳ ತೆಳುವಾಗಿದೆ. ಈ ಕೊರತೆ ಲೇಖಕರ ಅಲಕ್ಷ್ಯದಿಂದ ಬಂದುದೆ, ಅಥವಾ ಆಧಾರಗಳ ಸ್ವರೂಪದಿಂದಲೇ ಹುಟ್ಟಿದುದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯನ್ನು ಬರೆಯುವವನಿಗೆ ದಾಖಲೆ ಬೇಕು. ಭೂಮಿಗೆ ಪಹಣಿ ಉಂಟು, ಸರ್ವೇ ನಂಬರು ಉಂಟು, ಒಡೆಯನ ಹೆಸರುಂಟು. ನೀರಿಗೆ ಕಾಲುವೆ, ತೂಬು, ಸರದಿಗಳ ಲೆಕ್ಕವುಂಟು. ಗಾಳಿಗೆ ಇವಾವುವೂ ಇಲ್ಲ. ಅದು ಯಾರ ಹೆಸರಿನಲ್ಲಿಯೂ ಇಲ್ಲದುದರಿಂದ ಅದರ ನಷ್ಟವೂ ಯಾರ ಹೆಸರಿನಲ್ಲಿಯೂ ಬರೆಯಲ್ಪಡುವುದಿಲ್ಲ. ಗಾಳಿ ಕೆಟ್ಟಿತೆಂದು ಗ್ರಾಮಸ್ಥನು ಹೇಳಬೇಕಾದರೆ ಆ ಗಾಳಿ ಮೊದಲು ಯಾವುದಾದರೂ ವಸ್ತುವಿನ ಮೇಲೆ ಇಳಿಯಬೇಕು: ಒಗೆದು ಹರವಿದ ಬಟ್ಟೆಯ ಮೇಲೆ, ಹೂವಿನ ಮೊಗ್ಗಿನ ಮೇಲೆ, ಮಾಡಿನ ಹಂಚಿನ ಮೇಲೆ, ಕರುವಿನ ಅಥವಾ ಮಗುವಿನ ಮೈಯ ಮೇಲೆ. ಆಗ ಆ ವಸ್ತುವೇ ಸಾಕ್ಷಿಯಾಗುತ್ತದೆ. ನಮ್ಮ ಬರೆವಣಿಗೆ ಈ ಸಾಕ್ಷಿಗಳನ್ನು ಎಷ್ಟರಮಟ್ಟಿಗೆ ವಿಚಾರಣೆಗೆ ಕರೆದಿದೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ಸ್ಥಳೀಯವಾದ ಕಾರಣವೊಂದಿದೆ. ಈ ಲೇಖಕನು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಕಡೆಯವನು. ಲಕ್ಷ್ಮಣತೀರ್ಥದ ಅಣೆಕಟ್ಟೆಯಿಂದಲೂ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿಂದಲೂ ಆ ಊರಿನ ಹೆಸರು ಸುತ್ತಮುತ್ತ ಪರಿಚಿತವಾಗಿದೆ. ಅಲ್ಲಿ ಪ್ರತಿ ವರ್ಷವೂ ಮಳೆಗಾಲದ ನಡುವಿನಿಂದ ಹಲವು ವಾರಗಳ ಕಾಲ ಹಗಲೂ ರಾತ್ರಿ ಹೊಗೆ ಏಳುತ್ತದೆ. ಆದರೆ ಆ ಹೊಗೆಯ ವಿರುದ್ಧ ಹೆಸರಿಸುವಂತಹ ಚಳವಳಿ ಎದ್ದಿಲ್ಲ. ಚಳವಳಿ ನಡೆದ ಊರುಗಳನ್ನು ಕುರಿತು ನಾವು ಮಾಡಿಕೊಂಡಿರುವ ಸಿದ್ಧಾಂತಗಳು ಚಳವಳಿ ನಡೆಯದ ಇಂತಹ ಊರನ್ನೂ ವಿವರಿಸಬಲ್ಲವೆ? ಬಲ್ಲವಾದರೆ ಅವು ಗಟ್ಟಿಯಾದ ಸಿದ್ಧಾಂತಗಳು. ಇಲ್ಲವಾದರೆ ಪುನರ್ವಿಚಾರಕ್ಕೆ ಯೋಗ್ಯವಾದುವು.

2

ಮೊದಲು ಕಾನೂನಿನ ಮಾತು. ಹೊಗೆಯನ್ನು ಕುರಿತ ಶಾಸನಗಳು ಭಾರತದಲ್ಲಿ ಈಚಿನವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಕಲ್ಕತ್ತೆಯ ಹೊಗೆಯನ್ನು ಹತೋಟಿಗೆ ತರಲು ಬಂಗಾಳದಲ್ಲಿ 1905ರಲ್ಲಿಯೂ, ಮುಂಬಯಿ ಪ್ರಾಂತ್ಯದಲ್ಲಿ 1912ರಲ್ಲಿಯೂ ಹೊಗೆಯ ಉಪದ್ರವದ ಕಾಯಿದೆಗಳು ಜಾರಿಗೆ ಬಂದುವು. ಅದಕ್ಕೂ ಹಿಂದೆ, 1860ರ ದಂಡಸಂಹಿತೆಯ 278ನೆಯ ಪ್ರಕರಣದಲ್ಲಿ, ಜನರ ಆರೋಗ್ಯಕ್ಕೆ ಹಾನಿಯಾಗುವಂತೆ ವಾಯುವನ್ನು ಕೆಡಿಸುವುದು ಅಪರಾಧವೆಂದು ಹೇಳಿ, 500 ರೂಪಾಯಿಗಳವರೆಗೆ ದಂಡವನ್ನು ವಿಧಿಸಲು ಅವಕಾಶ ಮಾಡಲಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ 280ನೆಯ ಪ್ರಕರಣವಾಗಿದೆ; ದಂಡದ ಮಿತಿ 1,000 ರೂಪಾಯಿ. ಒಂದೂವರೆ ಶತಮಾನಕ್ಕೂ ಮಿಕ್ಕ ಅವಧಿಯಲ್ಲಿ ಗಾಳಿಯ ಬೆಲೆ ಇಮ್ಮಡಿಯಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1972ರ ಸ್ಟಾಕ್‌ಹೋಮ್ ಸಮ್ಮೇಳನದ ತರುವಾಯ ನೀರಿನ ಕಾಯಿದೆ 1974ರಲ್ಲಿ ಬಂತು. ಗಾಳಿಯ ಕಾಯಿದೆ ಬರಲು 1981ರವರೆಗೆ ಕಾಯಬೇಕಾಯಿತು. ಈ ಏಳು ವರ್ಷಗಳ ಅಂತರವೇ ಗಾಳಿಯ ಸ್ಥಾನವನ್ನು ಸೂಚಿಸುತ್ತದೆ. ಮೇಲಾಗಿ, ಮೊದಲ ಕಾಯಿದೆಯಲ್ಲಿ ದೂರು ಕೊಡುವ ಅಧಿಕಾರ ಮಂಡಲಿಗೆ ಮಾತ್ರ ಸೇರಿದುದಾಗಿತ್ತು. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆದು, 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂದ ಮೇಲೆ, 1987ರ ತಿದ್ದುಪಡಿಯಲ್ಲಿ, 60 ದಿನಗಳ ಮುನ್ಸೂಚನೆ ಕೊಟ್ಟು ಸಾಮಾನ್ಯ ಪ್ರಜೆಯೂ ನ್ಯಾಯಾಲಯಕ್ಕೆ ಹೋಗಬಹುದೆಂದಾಯಿತು. ಲಂಡನ್ನಿನಲ್ಲಿಯೂ 1952ರ ಡಿಸೆಂಬರಿನ ಮಂಜುಹೊಗೆಯಲ್ಲಿ ಸಾವಿರಾರು ಜನ ಸತ್ತ ಬಳಿಕವೇ 1956ರ ಶುದ್ಧವಾಯು ಕಾಯಿದೆ ಬಂದುದು. ಗಾಳಿಯ ಕಾನೂನು ಹೆಣಗಳ ಲೆಕ್ಕವನ್ನು ಹಿಂಬಾಲಿಸುತ್ತದೆ. ಲೆಕ್ಕ ಹಾಕುವವರಿಲ್ಲದ ಕಡೆ ಕಾನೂನು ಇದ್ದರೂ ನಡೆಯುವುದಿಲ್ಲ.

ಲೆಕ್ಕ ಹಾಕುವವರು ಹಳ್ಳಿಗಳಲ್ಲಿ ವಿರಳ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದುವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಎಂಬ ನಾಲ್ಕು ನಗರಗಳು. ಅಳೆಯುವ ಯಂತ್ರ ಮುಖ್ಯವಾಗಿ ನಗರದಲ್ಲಿರುತ್ತದೆ. ಆದುದರಿಂದ ಅಂಕಿಗಳೂ ನಗರದವೇ ಆಗುತ್ತವೆ. ಅಂಕಿಗಳನ್ನೇ ಆಧಾರವಾಗಿ ಹಿಡಿದ ವಿದ್ವಾಂಸನಿಗೆ ಗಾಳಿ ಕೆಟ್ಟಿರುವುದು ನಗರದಲ್ಲಿ ಮಾತ್ರವೆಂದು ತೋರುತ್ತದೆ. ಆಧಾರದ ಅಭಾವವನ್ನು ಸಂಗತಿಯ ಅಭಾವವೆಂದು ಭಾವಿಸಬಾರದೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ.

3

ಇನ್ನು ನಿದರ್ಶನಗಳಿಗೆ ಬರೋಣ. ನಮಗೆ ಅತ್ಯಂತ ಸಮೀಪವಾದುದು ಮೈಸೂರು ಜಿಲ್ಲೆಯ ಚಾಮಲಾಪುರದ ಪ್ರಕರಣ. ಹೆಗ್ಗಡದೇವನಕೋಟೆ ಸೀಮೆಯ ಈ ಗ್ರಾಮದ ಬಳಿ 1,000 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲಿನ ಉಷ್ಣವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾವ 2007ರ ಸುಮಾರಿಗೆ ಬಲವಾಗಿ ಕೇಳಿಬಂತು. ಗ್ರಾಮಸ್ಥರು, ರೈತ ಸಂಘದವರು, ಮೈಸೂರು ಗ್ರಾಹಕರ ಪರಿಷತ್ತಿನಂತಹ ನಗರದ ಸಂಸ್ಥೆಗಳು ಒಟ್ಟಾಗಿ ವಿರೋಧಿಸಿದರು. ಪ್ರಸ್ತಾವ ಕೊನೆಗೆ ಬಿದ್ದುಹೋಯಿತು, ಸ್ಥಾವರ ಏಳಲಿಲ್ಲ.

ಈ ಜಯದ ಗಾತ್ರವನ್ನು ಅಳೆಯಲು ಒಂದು ಸರಳ ಗಣಿತ ಸಾಕು. 1,000 ಮೆಗಾವಾಟಿನ ಸ್ಥಾವರ ವರ್ಷದಲ್ಲಿ ನೂರಕ್ಕೆ ಎಂಬತ್ತರಷ್ಟು ಕಾಲ ನಡೆದರೆ ಸುಮಾರು 700 ಕೋಟಿ ಯೂನಿಟ್ ವಿದ್ಯುತ್ತು ಬರುತ್ತದೆ. ಭಾರತದ ಕಲ್ಲಿದ್ದಲಾದರೆ ಯೂನಿಟ್ಟಿಗೆ ಸುಮಾರು 700 ಗ್ರಾಂ ಬೇಕು. ಎಂದರೆ ವರ್ಷಕ್ಕೆ 49 ಲಕ್ಷ ಟನ್. ಅದರಲ್ಲಿ ಮೂರನೆಯ ಒಂದು ಭಾಗ ಬೂದಿಯೆಂದಿಟ್ಟುಕೊಂಡರೂ 16 ಲಕ್ಷ ಟನ್ನಿಗೆ ಕಡಮೆಯಿಲ್ಲ. ನಾಗರಹೊಳೆ, ಬಂಡೀಪುರಗಳ ಕಾಡು ಒಂದು ಕಡೆ, ಕಬಿನಿ ಇನ್ನೊಂದು ಕಡೆ, ಮೈಸೂರು ನಗರ ಮತ್ತೊಂದು ಕಡೆ ಇರುವ ಸ್ಥಳದಲ್ಲಿ ಪ್ರತಿವರ್ಷ ಇಷ್ಟು ಬೂದಿ ಬೀಳುವುದು ತಪ್ಪಿತು.

ಆದರೆ ಆ ಚಳವಳಿಯನ್ನು ಹೊಗೆಯ ವಿರುದ್ಧದ ಚಳವಳಿಯೆಂದು ಕರೆಯುವಾಗ ಸ್ವಲ್ಪ ಎಚ್ಚರ ಅಗತ್ಯ. ಹೊಗೆ ಆಗ ಇನ್ನೂ ಹುಟ್ಟಿರಲಿಲ್ಲ. ಗ್ರಾಮಸ್ಥನನ್ನು ಬೀದಿಗೆ ಇಳಿಸಿದುದು ಹೊಲ ಹೋಗುತ್ತದೆಂಬ ಭಯ. ನಗರದವನನ್ನು ಅವನ ಜೊತೆಗೆ ನಿಲ್ಲಿಸಿದುದು ಬೂದಿ ಬರುತ್ತದೆಂಬ ಭಯ. ಈ ಎರಡು ಭಯಗಳ ಮೈತ್ರಿಯೇ ಚಾಮಲಾಪುರದ ವಿಶೇಷ. ಎರಡನ್ನೂ 'ಪರಿಸರಪ್ರಜ್ಞೆ' ಎಂಬ ಒಂದೇ ಮಾತಿನಲ್ಲಿ ಅಡಗಿಸುವ ಬರೆವಣಿಗೆ ಆ ಮೈತ್ರಿಯ ಕಷ್ಟವನ್ನು ಮರೆಮಾಡುತ್ತದೆ. ಹೊಲದ ಭಯವಿಲ್ಲದ ಕಡೆ ಗ್ರಾಮಸ್ಥನು ಗಾಳಿಗಾಗಿ ಮಾತ್ರ ಎದ್ದುನಿಲ್ಲುತ್ತಿದ್ದನೆ, ಮತ್ತು ನಗರದವನು ಬೂದಿಯ ಭಯವಿಲ್ಲದ ಕಡೆ ಗ್ರಾಮಸ್ಥನ ಹೊಲಕ್ಕಾಗಿ ಬರುತ್ತಿದ್ದನೆ ಎಂಬ ಪ್ರಶ್ನೆಗಳು ಕೇಳದೆ ಉಳಿಯುತ್ತವೆ.

ಇದೇ ರೀತಿಯ ಎಚ್ಚರ ಹರಿಹರದ ಪ್ರಕರಣದಲ್ಲಿಯೂ ಬೇಕು. ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಕೆಲಸ ಪ್ರಾರಂಭಿಸಿದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಮರದಿಂದ ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸುತ್ತಿತ್ತು. ಅದರ ವಿರುದ್ಧದ ಹೋರಾಟದಲ್ಲಿ, 1984ರಲ್ಲಿ ಎಸ್. ಆರ್. ಹಿರೇಮಠರು ಕಟ್ಟಿದ ಸಮಾಜ ಪರಿವರ್ತನ ಸಮುದಾಯದ ಪಾತ್ರ ಪ್ರಸಿದ್ಧವಾದುದು. ಅಲ್ಲಿ ಮುಂದೆ ನಿಂತ ಸಾಕ್ಷಿ ಸತ್ತ ಮೀನು, ಎಂದರೆ ನೀರು. ಅದರ ಬೆನ್ನಿಗೇ ಬಂದುದು ಭೂಮಿಯ ಪ್ರಶ್ನೆ: ಕಾರ್ಖಾನೆಗೆ ಮರವನ್ನೊದಗಿಸಲು ರಚಿತವಾದ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆಗೆ ಸುಮಾರು 30,000 ಹೆಕ್ಟೇರು ಸರ್ಕಾರಿ ಭೂಮಿಯನ್ನು ವಹಿಸುವ ಯೋಜನೆಯನ್ನು ವಿರೋಧಿಸಿ, ಶಿವರಾಮ ಕಾರಂತರೇ ಮೊದಲಾದವರು 1986ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟು 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹವನ್ನು ನಡೆಸಿದರು. 1991ರಲ್ಲಿ ಆ ಸಂಸ್ಥೆ ಮುಚ್ಚಿತು. ನೀರು, ಭೂಮಿಗಳ ವಿಷಯದಲ್ಲಿ ಈ ಹೋರಾಟ ಮೇಲ್ಪಂಕ್ತಿಯಾದುದು. ಆದರೆ ತಿರುಳಿನ ಕಾರ್ಖಾನೆಯ ಸುತ್ತ ಉಸಿರಾಡಿದವರ ಕಥೆ ಅದರ ಚರಿತ್ರೆಯ ಅಂಚಿನಲ್ಲಿ ಉಳಿಯಿತು. ಮೀನು ಸತ್ತರೆ ದಡದಲ್ಲಿ ತೇಲಿ ಕಣ್ಣಿಗೆ ಬೀಳುತ್ತದೆ. ಕೆಟ್ಟ ವಾಸನೆ ಗಾಳಿ ತಿರುಗಿದೊಡನೆ ತನ್ನ ಗುರುತನ್ನು ತಾನೇ ಅಳಿಸಿಕೊಂಡು ಹೋಗುತ್ತದೆ.

4

ಹೊಗೆ ಬಂದ ಮೇಲೆ ನಡೆದ ಹೋರಾಟಗಳಲ್ಲಿ ಸಾಕ್ಷ್ಯದ ಸ್ವರೂಪ ಬೇರೆಯಾಗುತ್ತದೆ. ಉಡುಪಿ ಜಿಲ್ಲೆಯ ನಂದಿಕೂರಿನ ಬಳಿ ಅಮೆರಿಕದ ಕೋಜೆಂಟ್ರಿಕ್ಸ್ ಕಂಪನಿ ಕಟ್ಟಬೇಕೆಂದಿದ್ದ 1,000 ಮೆಗಾವಾಟಿನ ಸ್ಥಾವರದ ವಿರುದ್ಧ 1990ರ ದಶಕದುದ್ದಕ್ಕೂ ಪ್ರತಿಭಟನೆ ನಡೆಯಿತು. 1999ರ ಡಿಸೆಂಬರಿನಲ್ಲಿ ಆ ಕಂಪನಿ ಹಿಂದೆಗೆಯಿತು. ಇದನ್ನು ಜನರ ಜಯವೆಂದು ಬರೆದ ಲೇಖನಗಳ ಶಾಯಿ ಆರುವಷ್ಟರಲ್ಲಿ ಬೇರೆ ಕಂಪನಿಗಳು ಬಂದುವು. ಅದೇ ಸೀಮೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳು 2010ರಿಂದ 2012ರೊಳಗೆ ಎದ್ದುನಿಂತುವು. ಒಂದು ಯೋಜನೆಯ ಸೋಲನ್ನು ಸ್ಥಳದ ಬಿಡುಗಡೆಯೆಂದು ತಿಳಿದುದು ಆ ಬರೆವಣಿಗೆಯ ದೋಷ. ಕಂಪನಿ ಹೋಗಬಹುದು, ಭೂಪಟದಲ್ಲಿ ಆ ಸ್ಥಳದ ಸುತ್ತ ಎಳೆದ ಗೆರೆ ಉಳಿದಿರುತ್ತದೆ.

ಎಲ್ಲೂರಿನ ದೂರುಗಳನ್ನು ಓದಿದರೆ ಗಾಳಿಯ ಸಾಕ್ಷಿಗಳು ಯಾವುವೆಂಬುದು ಸ್ಪಷ್ಟವಾಗುತ್ತದೆ. ಸಮುದ್ರದ ನೀರಿನಿಂದ ಯಂತ್ರವನ್ನು ತಣಿಸುವ ಗೋಪುರದಿಂದ ಹೊರಟ ಉಪ್ಪಿನ ತುಂತುರು, ಹಾರುಬೂದಿ, ಉಪ್ಪಾದ ಬಾವಿ, ತುಕ್ಕು ಹಿಡಿದ ಕಬ್ಬಿಣ, ಇಳುವರಿ ಕುಗ್ಗಿದ ಮಲ್ಲಿಗೆ. ಶಂಕರಪುರದ ಮಲ್ಲಿಗೆ ಆ ಕಡೆಯ ಅನೇಕ ಮನೆಗಳಲ್ಲಿ ಹೆಂಗಸರ ದುಡಿಮೆ. ಮುಂಜಾನೆ ಮೊಗ್ಗನ್ನು ಬಿಡಿಸಿ, ಕಟ್ಟಿ, ಕಟ್ಟೆಗೆ ಕಳುಹಿಸುವ ಕೈಗಳಿಗೆ ಗಿಡದ ಮೇಲಿನ ಬೂದಿ ಮೊದಲು ತಿಳಿಯುತ್ತದೆ. ಅಧಿಕಾರಿಯ ಯಂತ್ರಕ್ಕೆ ತಿಳಿಯುವುದು ಅನಂತರ. ರಾಷ್ಟ್ರೀಯ ಹಸಿರು ನ್ಯಾಯಮಂಡಲಿ 2019ರಲ್ಲಿ 5 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರವನ್ನೂ, 2022ರಲ್ಲಿ ಒಟ್ಟು ಸುಮಾರು 52 ಕೋಟಿ ರೂಪಾಯಿಗಳನ್ನೂ ವಿಧಿಸಿ ಆದೇಶ ಮಾಡಿತು. ಇಂತಹ ಮೊತ್ತ ಹೊರಬಿದ್ದೊಡನೆ ಬರೆವಣಿಗೆಯ ದೃಷ್ಟಿಯೆಲ್ಲ ಮೊತ್ತದ ಮೇಲೆ ನೆಡುತ್ತದೆ. ಮೊಗ್ಗು ಬಿಡಿಸಿದವರ ಮಾತು ದೂರಿನ ಒಂದು ಪಂಕ್ತಿಯಾಗಿ ಹಿಂದೆ ಬೀಳುತ್ತದೆ.

ಇಲ್ಲಿ ಸಾರ್ವಜನಿಕ ವಿಚಾರಣೆಯ ನಡವಳಿಯೆಂಬ ದಾಖಲೆಯ ಬಗೆಗೂ ಒಂದು ಮಾತು ಹೇಳಬೇಕು. ಪರಿಸರದ ಮೇಲಣ ಪರಿಣಾಮವನ್ನು ಪರಿಶೀಲಿಸುವ 1994ರ ಅಧಿಸೂಚನೆಗೆ 1997ರಲ್ಲಿ ಸಾರ್ವಜನಿಕ ವಿಚಾರಣೆ ಸೇರಿತು. 2006ರ ಅಧಿಸೂಚನೆ ಅದನ್ನು ಚಿತ್ರೀಕರಿಸಬೇಕೆಂದೂ ವಿಧಿಸಿತು. ಚರಿತ್ರೆಗೆ ಇದು ಅಮೂಲ್ಯವಾದ ಆಧಾರ. ಆದರೆ ಮುದ್ರಿತ ನಡವಳಿಯಲ್ಲಿ ಗ್ರಾಮಸ್ಥನ ಮಾತು ಸಾಮಾನ್ಯವಾಗಿ ಒಂದು ಕೋಷ್ಟಕದೊಳಕ್ಕೆ ಇಳಿಯುತ್ತದೆ: ಎಡಗಡೆ ಆಕ್ಷೇಪಣೆ, ಬಲಗಡೆ ಕಂಪನಿಯ ಉತ್ತರ. ಹತ್ತು ನಿಮಿಷದ ಅಳಲು ಎಡಗಡೆಯಲ್ಲಿ ಅರ್ಧ ಸಾಲಾಗುತ್ತದೆ. ಬಲಗಡೆಯ ಉತ್ತರ ನಾಲ್ಕು ಸಾಲಿರುತ್ತದೆ. ಶಾಸನವನ್ನು ಓದುವವನು ಕಲ್ಲು ಎಲ್ಲಿ ಸವೆದಿದೆಯೆಂದು ನೋಡಿಕೊಳ್ಳುವಂತೆ, ಈ ಕೋಷ್ಟಕಗಳನ್ನು ಓದುವವನೂ ಮಾತು ಎಲ್ಲಿ ಕತ್ತರಿಸಿಹೋಗಿದೆಯೆಂದು ನೋಡಿಕೊಳ್ಳಬೇಕು.

ಗಾಳಿಯ ಸಾಕ್ಷಿಯನ್ನು ಗ್ರಾಮಸ್ಥರೇ ಬರೆದಿಟ್ಟ ಒಂದು ನಿದರ್ಶನ ಕಾಸರಗೋಡಿನಲ್ಲಿದೆ. ಅಲ್ಲಿ ಬಂದುದು ಕಾರ್ಖಾನೆಯ ಹೊಗೆಯಲ್ಲ. ಕಾರ್ಖಾನೆಯಲ್ಲಿ ತಯಾರಾದ ಎಂಡೋಸಲ್ಫಾನ್ ಎಂಬ ವಿಷವನ್ನು ಸರ್ಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಸಿಂಪಡಿಸಲಾಯಿತು. ಆದರೂ ವಿಷ ಬಂದ ದಾರಿ ಗಾಳಿಯದೇ ಆದುದರಿಂದ ಈ ಪ್ರಕರಣ ನಮ್ಮ ವಿಚಾರಕ್ಕೆ ಸೇರುತ್ತದೆ. ಕನ್ನಡಿಗರು ಹೆಚ್ಚಾಗಿರುವ ಎಣ್ಮಕಜೆ ಪಂಚಾಯತಿಯಲ್ಲಿ ಕರುಗಳ ಅಂಗವೈಕಲ್ಯವನ್ನು ಮೊದಲು ಗುರುತಿಸಿ ಬರೆದವರು ಕೃಷಿ ಪತ್ರಕರ್ತರಾದ ಶ್ರೀಪಡ್ರೆಯವರು. ರೋಗಿಗಳ ಮನೆಗಳನ್ನು ಗುರುತುಮಾಡಿಕೊಂಡು ರೋಗದ ಹರಹನ್ನು ಲೆಕ್ಕವಿಟ್ಟವರು ಅಲ್ಲಿಯ ವೈದ್ಯರಾದ ಡಾ. ವೈ. ಎಸ್. ಮೋಹನಕುಮಾರರು; 1998ರಲ್ಲಿ ಹೊಸದುರ್ಗದ ಮುನಸೀಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದವರು ಲೀಲಾಕುಮಾರಿ ಅಮ್ಮ. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಆ ವಿಷದ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಇಲ್ಲಿ ದೆಹಲಿಯ ಆದೇಶಕ್ಕೆ ಮೂಲ ಹಳ್ಳಿಯ ವೈದ್ಯರೊಬ್ಬರ ಟಿಪ್ಪಣಿಯಲ್ಲಿದೆ. ಅಳೆಯುವ ಯಂತ್ರವಿಲ್ಲದ ಊರಿನಲ್ಲಿಯೂ ಗಾಳಿಯ ಚರಿತ್ರೆಯನ್ನು ಬರೆಯಬಹುದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವನ್ನು ಈ ಲೇಖಕನು ಕಾಣನು.

5

ಹೊಲ, ನೀರುಗಳ ಬೆನ್ನೇರದೆ ಗಾಳಿ ಎಂದೂ ಚಳವಳಿಯ ಕೇಂದ್ರವಾಗದೆಂದು ಇಲ್ಲಿಯವರೆಗಿನ ವಿವೇಚನೆಯಿಂದ ಯಾರಾದರೂ ತೀರ್ಮಾನಿಸಬಹುದು. ಅಂತಹ ತೀರ್ಮಾನಕ್ಕೆ ಕೊಪ್ಪಳ ಅಡ್ಡ ಬರುತ್ತದೆ. ಆ ನಗರದ ಸುತ್ತ, ಗಿಣಿಗೇರಿ ಮೊದಲಾದ ಊರುಗಳ ಸಮೀಪದಲ್ಲಿ, ಉಕ್ಕು ಮತ್ತು ಮೆದು ಕಬ್ಬಿಣದ ಕಾರ್ಖಾನೆಗಳಿವೆ. ಮೆದು ಕಬ್ಬಿಣವನ್ನು ತಯಾರಿಸುವಾಗ ಅದಿರನ್ನೂ ಕಲ್ಲಿದ್ದಲನ್ನೂ ಉರುಳುವ ಗೂಡಿನಲ್ಲಿ ಸುಮಾರು 1,000 ಡಿಗ್ರಿಯವರೆಗೆ ಕಾಯಿಸುತ್ತಾರೆ. ಹೊರಡುವ ಧೂಳನ್ನು ಹಿಡಿಯಲು ಯಂತ್ರವುಂಟು. ಆದರೆ ಅದು ವಿದ್ಯುತ್ತನ್ನು ತಿನ್ನುತ್ತದೆ. ರಾತ್ರಿಯಲ್ಲಿ ಅದನ್ನು ನಿಲ್ಲಿಸುತ್ತಾರೆಂಬುದು ಇಂತಹ ಕಾರ್ಖಾನೆಗಳ ನೆರೆಯೂರುಗಳಲ್ಲಿ ದೇಶದಾದ್ಯಂತ ಕೇಳಿಬರುವ ದೂರು. ಬೆಳಗಾಗುವಾಗ ಅಂಗಳದಲ್ಲಿ ಕರಿಧೂಳು.

2025ರಲ್ಲಿ ಬಲ್ಡೋಟ ಸಂಸ್ಥೆಯ ದೊಡ್ಡ ಉಕ್ಕಿನ ಕಾರ್ಖಾನೆಯ ವಿಸ್ತರಣೆ ನಗರದ ಅಂಚಿನಲ್ಲಿ ಆಗಲಿದೆಯೆಂಬ ಸುದ್ದಿ ಬಂದಾಗ, ಫೆಬ್ರವರಿ 24ರಂದು ಕೊಪ್ಪಳ ಬಂದ್ ಆಯಿತು. ಗವಿಮಠದ ಗವಿಸಿದ್ಧೇಶ್ವರ ಸ್ವಾಮಿಗಳು ಮೆರವಣಿಗೆಯಲ್ಲಿ ಸೇರಿದರು. ವಿದ್ಯಾರ್ಥಿಗಳು, ವ್ಯಾಪಾರಿಗಳು, ರೈತರು ಸಾವಿರಾರು ಸಂಖ್ಯೆಯಲ್ಲಿ ನೆರೆದರು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಸೂಚಿಸಿದರು. ಈ ಜನಸಮೂಹದಲ್ಲಿ ಹೊಲ ಕಳೆದುಕೊಳ್ಳುವವರು ಸ್ವಲ್ಪ ಭಾಗ. ಉಳಿದವರನ್ನು ಒಂದುಗೂಡಿಸಿದುದು ಉಸಿರು. ಆದುದರಿಂದ ಮೊದಲು ಹೇಳಿದ ಮಾತನ್ನು ಹೀಗೆ ತಿದ್ದಿಕೊಳ್ಳಬೇಕು: ಗಾಳಿ ತಾನಾಗಿಯೇ ಚಳವಳಿಯ ಕೇಂದ್ರವಾಗಬಲ್ಲದು, ಆದರೆ ಅದು ಕಣ್ಣಿಗೆ ಕಾಣುವ ಧೂಳಾಗಿ ಎಲ್ಲರ ಅಂಗಳಕ್ಕೂ ಸಮನಾಗಿ ಬೀಳಬೇಕು, ಮತ್ತು ಅದನ್ನು ಕಳುಹಿಸಿದವನು ಅಂಗಳದವರಲ್ಲಿ ಒಬ್ಬನಾಗಿರಬಾರದು.

6

ಈ ಎರಡನೆಯ ನಿಬಂಧನೆಯೇ ನಮ್ಮನ್ನು ಮರಳಿ ಕಟ್ಟೆಮಳಲವಾಡಿಗೆ ತರುತ್ತದೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ಹಗುರವಾದ ಕೆಂಪು ಮಣ್ಣಿನಲ್ಲಿ ಬೆಳೆಯುವ ವರ್ಜಿನಿಯಾ ತಂಬಾಕನ್ನು ಬ್ಯಾರನ್ನಿನಲ್ಲಿ ಹದಗೊಳಿಸಬೇಕು. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಸಾಲುಸಾಲಾಗಿ ಒಳಗೆ ತೂಗುಬಿಡುತ್ತಾರೆ; ಹೊರಗಿನ ಒಲೆಯಲ್ಲಿ ಸೌದೆ ಉರಿಯುತ್ತದೆ; ಕಾದ ಗಾಳಿ ತಗಡಿನ ಕೊಳವೆಗಳಲ್ಲಿ ಸುತ್ತಿ ಬರುತ್ತದೆ; ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ. ಐದಾರು ದಿನ ಬೆಂಕಿ ಆರಬಾರದು, ಏರಲೂಬಾರದು. ನಮ್ಮ ಕಡೆ ತಂಬಾಕಿಗೆ ಹೊಗೆಸೊಪ್ಪೆಂದು ಹೆಸರು. ಆದರೆ ಈ ವಿಧಾನದಲ್ಲಿ ಸೊಪ್ಪಿಗೆ ಹೊಗೆ ಸೋಕುವುದೇ ಇಲ್ಲ. ಸೋಕಿದರೆ ದರ್ಜೆ ಇಳಿಯುತ್ತದೆ. ಹೊಗೆಯೆಲ್ಲ ಊರಿಗೆ.

1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿ ಈ ಬೆಳೆಯನ್ನು ನಿಯಂತ್ರಿಸುತ್ತದೆ. 1984ರಿಂದ ಕರ್ನಾಟಕದಲ್ಲಿ ಹರಾಜಿನ ಪದ್ಧತಿ ಇದೆ. ಒಂದು ಕಿಲೋ ಹದಗೊಂಡ ಸೊಪ್ಪಿಗೆ ಸುಮಾರು 4ರಿಂದ 5 ಕಿಲೋ ಸೌದೆ ಬೇಕೆಂಬುದು ಸಾಮಾನ್ಯ ಅಂದಾಜು. ಒಂದು ಬ್ಯಾರನ್ನಿನಿಂದ ವರ್ಷಕ್ಕೆ 1,500 ಕಿಲೋ ಸೊಪ್ಪು ಬಂದಿತೆಂದು ಇಟ್ಟುಕೊಂಡರೆ, 6ರಿಂದ 7.5 ಟನ್ ಸೌದೆ ಉರಿಯಬೇಕು. ರಾಜ್ಯದ ಬೆಳೆ 10 ಕೋಟಿ ಕಿಲೋ ಆದ ವರ್ಷದಲ್ಲಿ 4ರಿಂದ 5 ಲಕ್ಷ ಟನ್. ಹರಾಜು ಕಟ್ಟೆಯ ಪುಸ್ತಕಗಳಲ್ಲಿ ಪ್ರತಿಯೊಂದು ಬೇಲಿನ ತೂಕ, ದರ್ಜೆ, ದರ ನಮೂದಾಗುತ್ತವೆ. ಬೆಳೆಯ ಚರಿತ್ರೆಯನ್ನು ಕಿಲೋ ಕಿಲೋ ಲೆಕ್ಕದಲ್ಲಿ ಬರೆಯಬಹುದು. ಅದೇ ಸೌದೆಯಿಂದ ಎದ್ದ ಹೊಗೆಗೆ ಅಂತಹ ಪುಸ್ತಕವಿಲ್ಲ.

ಚಳವಳಿಯೇಕಿಲ್ಲವೆಂಬುದಕ್ಕೆ ಗ್ರಾಮಸ್ಥರ ಅಜ್ಞಾನವೇ ಕಾರಣವೆಂದು ಹೇಳುವುದು ಸುಲಭ. ಈ ಲೇಖಕನ ಬಾಲ್ಯದ ಎಷ್ಟೋ ರಾತ್ರಿಗಳು ಬ್ಯಾರನ್ನಿನ ಒಲೆಯ ಮುಂದೆ ಕಳೆದುವು. ಬೆಂಕಿ ಕಾಯುವವನ ಕಣ್ಣು ಬೆಳಗಾಗುವ ಹೊತ್ತಿಗೆ ಹೇಗಿರುತ್ತದೆಂಬುದನ್ನು ಅಲ್ಲಿ ಯಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ಎಲೆ ಕಟ್ಟುವ, ದರ್ಜೆ ಬಿಡಿಸುವ ಹೆಂಗಸರ ಕೆಮ್ಮು ಮನೆಮನೆಯವರಿಗೂ ಗೊತ್ತು. ಗೊತ್ತಿದ್ದೂ ಮಾತಾಗದಿರುವುದಕ್ಕೆ ಕಾರಣ ಬೇರೆ. ಚಾಮಲಾಪುರದವನಿಗೂ ಎಲ್ಲೂರಿನವನಿಗೂ ಕೊಪ್ಪಳದವನಿಗೂ ಬೆರಳು ಮಾಡಿ ತೋರಿಸಲು ಒಂದು ಚಿಮಣಿ ಹೊರಗಿತ್ತು. ಇಲ್ಲಿ ಪ್ರತಿಯೊಬ್ಬನ ಹಿತ್ತಿಲಲ್ಲಿಯೂ ಒಂದೊಂದು ಚಿಮಣಿ. ಹೊಲವೂ ಅವನದು, ಸಾಲವೂ ಅವನದು, ಒಲೆಯೂ ಅವನದು. ಆ ಎಲೆಯಿಂದ ಸಿಗರೇಟು ಮಾಡಿ ಮಾರುವ ಕಾರ್ಖಾನೆ ದೂರದಲ್ಲಿದೆ. ಅದರ ಉತ್ಪಾದನೆಯ ಮೊದಲ ಗೂಡು ಮಾತ್ರ ಸಾವಿರಾರು ತುಂಡುಗಳಾಗಿ ಒಡೆದು ಇಲ್ಲಿಯ ಹಿತ್ತಿಲುಗಳಲ್ಲಿ ಹಂಚಿಹೋಗಿದೆ. ಕಾರ್ಖಾನೆ ಹೀಗೆ ಹಂಚಿಹೋದಾಗ ಹೊಣೆಯೂ ಹಂಚಿಹೋಗುತ್ತದೆ; ಲಾಭ ಅದೇ ಪ್ರಮಾಣದಲ್ಲಿ ಹಂಚಿಹೋಗುವುದಿಲ್ಲ.

ಇದಕ್ಕೆ ಆಕ್ಷೇಪ ಬರಬಹುದು. ಬ್ಯಾರನ್ನು ಕೃಷಿಯ ಅಂಗ, ಅದನ್ನು ಕಾರ್ಖಾನೆಯ ಚಿಮಣಿಗೆ ಹೋಲಿಸುವುದು ಅತಿಯಾಯಿತು ಎಂದು ಹೇಳಬಹುದು. ಗಾತ್ರದಲ್ಲಿ ಹೋಲಿಕೆ ಸಲ್ಲದೆಂಬುದು ನಿಜ. ರೈತನನ್ನು ಕಾರ್ಖಾನೆಯ ಒಡೆಯನೊಂದಿಗೆ ಒಂದೇ ಕಟೆಕಟೆಯಲ್ಲಿ ನಿಲ್ಲಿಸುವುದು ಈ ಲೇಖಕನ ಉದ್ದೇಶವೂ ಅಲ್ಲ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿದ ಮೇಲೆ ಬೆಳೆಯನ್ನು ಬಿಡಬೇಕೆಂಬ ಉಪದೇಶ ರೈತನಿಗೆ ಸಾಕಷ್ಟು ಸಿಕ್ಕಿದೆ. ಅಷ್ಟೇ ಖಚಿತವಾದ ಆದಾಯವನ್ನು ಕೊಡುವ ಬೇರೆ ಬೆಳೆ ಅಷ್ಟು ಸುಲಭವಾಗಿ ಸಿಕ್ಕಿಲ್ಲ. ನಮ್ಮ ಆಕ್ಷೇಪವಿರುವುದು ಬರೆವಣಿಗೆಯ ಮೇಲೆ. ಜನರ ಚಳವಳಿಗಳ ಸಾಹಿತ್ಯ ಹೊಗೆಯನ್ನು ಯಾವಾಗಲೂ ಪರರು ತಂದುದೆಂದು ಭಾವಿಸುತ್ತದೆ. ಹೊಗೆ ತನ್ನದೇ ಅನ್ನದ ಒಲೆಯಿಂದ ಬಂದಾಗ ಆ ಸಾಹಿತ್ಯಕ್ಕೆ ಮಾತು ಹೊರಡುವುದಿಲ್ಲ. ಸಂತ್ರಸ್ತನೂ ಕಾರಣಪುರುಷನೂ ಒಬ್ಬನೇ ಆದಾಗ ಅವನ ಚರಿತ್ರೆಯನ್ನು ಬರೆಯುವುದು ಹೇಗೆಂದು ಅದು ಇನ್ನೂ ಕಲಿತಿಲ್ಲ.

7

ಮೇಲಣ ವಿವೇಚನೆಯಿಂದ ಮೂರು ಸಂಗತಿಗಳು ಸಿದ್ಧಪಡುತ್ತವೆಯೆಂದು ತೋರುತ್ತದೆ. ಮೊದಲನೆಯದಾಗಿ, ಗಾಳಿಯ ಹೋರಾಟವೆಂದು ನಾವು ಕರೆಯುವುದರಲ್ಲಿ ಹೊಲ, ನೀರು, ಗಾಳಿಗಳ ಪಾಲನ್ನು ಬೇರೆಬೇರೆಯಾಗಿ ಬಿಡಿಸಿ ನೋಡಬೇಕು. ಹಾಗೆ ನೋಡುವುದರಿಂದ ಹೋರಾಟದ ಗೌರವ ಕುಗ್ಗುವುದಿಲ್ಲ, ಅದರ ಶಕ್ತಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಎರಡನೆಯದಾಗಿ, ಯೋಜನೆ ನಿಂತ ದಿನಕ್ಕೂ ತೀರ್ಪು ಬಂದ ದಿನಕ್ಕೂ ಚರಿತ್ರೆಯನ್ನು ಮುಗಿಸಬಾರದು. ನಂದಿಕೂರಿನ ಅನುಭವ ಇದಕ್ಕೆ ಸಾಕ್ಷಿ. ಮೂರನೆಯದಾಗಿ, ಚಳವಳಿ ನಡೆಯದ ಊರುಗಳನ್ನು ನಡೆದ ಊರುಗಳೊಂದಿಗೆ ಇಟ್ಟು ಓದಬೇಕು.

ಇದಕ್ಕೆ ಬೇಕಾದ ಆಧಾರಗಳು ರಾಜಧಾನಿಯ ಪತ್ರಾಗಾರಗಳಲ್ಲಿಲ್ಲ. ಗ್ರಾಮಸಭೆಯ ನಿರ್ಣಯಗಳ ಪುಸ್ತಕ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ದಾಖಲೆ, ಶಾಲೆಯ ಹಾಜರಿ, ಸೌದೆ ಮಾರುವವನ ಲೆಕ್ಕದ ಚೀಟಿ, ಎಲ್ಲಕ್ಕಿಂತ ಮಿಗಿಲಾಗಿ ಗುಡಿಸುವ, ಒಗೆಯುವ, ಎಲೆ ಕಟ್ಟುವ ಹೆಂಗಸರ ನೆನಪು ಇವೇ ಆ ಆಧಾರಗಳು. ಇವುಗಳಲ್ಲಿ ಹಲವು ಗೆದ್ದಲಿಗೂ, ಹಲವು ಮರಣಕ್ಕೂ ತುತ್ತಾಗುತ್ತಿವೆ. ರೋಗಿಗಳ ಹೆಸರನ್ನು ಕಾಪಾಡಿಕೊಂಡು, ಕೇಂದ್ರದ ಒಪ್ಪಿಗೆ ಪಡೆದು, ಬ್ಯಾರನ್ನು ಉರಿಯುವ ತಿಂಗಳುಗಳಲ್ಲಿ ಕೆಮ್ಮು, ಉಬ್ಬಸಗಳ ಸಂಖ್ಯೆ ಏರುತ್ತದೆಯೆ ಇಲ್ಲವೆ ಎಂದು ಹತ್ತು ವರ್ಷಗಳ ದಾಖಲೆಯಿಂದ ಪಟ್ಟಿಮಾಡುವುದು ಸ್ನಾತಕೋತ್ತರ ತರಗತಿಯ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಕೆಲಸ. ಫಲಿತಾಂಶ ಏನೇ ಬರಲಿ, ಗಾಳಿಗೆ ಒಂದು ಪಹಣಿಯನ್ನು ಬರೆಯುವುದಕ್ಕೆ ಅದು ಮೊದಲ ಸಾಲಾಗುತ್ತದೆ. ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕಮಿತ್ರರು ಮುಂದಿನ ಮಳೆಗಾಲದಿಂದಲೇ ಈ ಕೆಲಸಕ್ಕೆ ತಮ್ಮ ವಿದ್ಯಾರ್ಥಿಗಳನ್ನು ಹಚ್ಚಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.